ಕೆರೆಯ ನಡುವೆ 31 ಎಕರೆ ತೂತು: ಉಪಗ್ರಹ ಚಿತ್ರದ ಲೆಕ್ಕ ರಿಪೇರಿ ಮಾಡಿದ ದಿನಚರಿ

ನಮ್ಮೂರ ಕೆರೆಯಲ್ಲಿ ಈಗ ಎಷ್ಟು ಎಕರೆ ನೀರು ನಿಂತಿದೆ? ಇಷ್ಟೇ ಪ್ರಶ್ನೆ. ಕೇಳಿದ್ದು ಅಪ್ಪ. ಊರು ಚನ್ನಗಿರಿ ತಾಲ್ಲೂಕು, ಕೆರೆ ಕೆಳಗೆ ನಮ್ಮದು ಎರಡೂವರೆ ಎಕರೆ ಅಡಿಕೆ ತೋಟ. ಬೇಸಿಗೆ ಬಂತೆಂದರೆ ಮನೆಯಲ್ಲಿ ಕೆರೆಯದೇ ಮಾತು. "ಅದೇನೋ ಸ್ಯಾಟಲೈಟ್ ಫೋಟೋ ನೋಡ್ತಾ ಕೂತಿರ್ತೀಯಲ್ಲ, ಅದರಲ್ಲಿ ಗೊತ್ತಾಗಲ್ವೇನೋ?" ಅಂದರು. ಒಂದು ಭಾನುವಾರದ ಕೆಲಸ ಅಂದುಕೊಂಡೆ, ಐದು ವಾರಾಂತ್ಯ ನುಂಗಿತು. ಚಿತ್ರ ಇಳಿಸಿ ಕತ್ತರಿಸಿದ್ದು ಮೊದಲ ದಿನವೇ ಮುಗಿದಿತ್ತು. ಮಿಕ್ಕ ದಿನವೆಲ್ಲ ಹೋದದ್ದು ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ), ಪಿಕ್ಸೆಲ್ ಎಣಿಕೆ ಈ ಮೂರನ್ನು ನೆಟ್ಟಗೆ ಮಾಡುವುದಕ್ಕೆ.

ಸಾಮಾನು: ಐದು ವರ್ಷ ಹಳೆಯ ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್. ಪೈಥಾನ್ ಭಾಷೆ, ಅದರಲ್ಲಿ ಲೆಕ್ಕ ಮಾಡುವ ನಂಪೈ 2 ಮತ್ತು ಸೈಪೈ, ಚಿತ್ರ ಓದುವ ರಾಸ್ಟರಿಯೊ, ನಕ್ಷೆ ನೋಡುವ ಕ್ಯೂಜಿಐಎಸ್, ಸಿ ಭಾಷೆಯ ಕಂಪೈಲರ್ ಜಿಸಿಸಿ. ಎಲ್ಲ ಪುಕ್ಕಟೆ. ಚಿತ್ರ ಯುರೋಪಿನ ಸೆಂಟಿನೆಲ್-2 ಉಪಗ್ರಹದ್ದು, ಕೋಪರ್ನಿಕಸ್ ತಾಣದಲ್ಲಿ ಖಾತೆ ತೆರೆದರೆ ಅದೂ ಪುಕ್ಕಟೆ. ದುಡ್ಡು ಹೋದದ್ದು ಡೇಟಾ ಪ್ಯಾಕ್‌ಗೆ 298 ರೂಪಾಯಿ ಮತ್ತು ಬೇಡದೆ ಹೋದ ಒಂದು ರ‍್ಯಾಮ್ ಕಡ್ಡಿಗೆ 1,750 ರೂಪಾಯಿ. ಆ ಕಡ್ಡಿಯ ಕಥೆ ಮುಂದೆ ಬರುತ್ತದೆ.

ಹಂತ 1. ಜೂನ್ 8, 2025, ಭಾನುವಾರ: ಸರಾಸರಿ 11.47

ಸೆಂಟಿನೆಲ್-2ರ ಹಸಿರು ಬ್ಯಾಂಡ್ (ಬಿ03) ಮತ್ತು ನಿಯರ್ ಇನ್‌ಫ್ರಾರೆಡ್ ಬ್ಯಾಂಡ್ (ಬಿ08) ಎರಡೂ 10 ಮೀಟರಿನವು (ಬ್ಯಾಂಡ್ ಅಂದರೆ ಒಂದೇ ಬಗೆಯ ಬೆಳಕಿನಲ್ಲಿ ತೆಗೆದ ಚಿತ್ರ; ಇನ್‌ಫ್ರಾರೆಡ್ ಕಣ್ಣಿಗೆ ಕಾಣದ ಬೆಳಕು). ಅಂದರೆ ಒಂದು ಪಿಕ್ಸೆಲ್ 100 ಚದರ ಮೀಟರ್. ನಮ್ಮ ಲೆಕ್ಕದ ಒಂದು ಗುಂಟೆ 101 ಚದರ ಮೀಟರ್ ಚಿಲ್ಲರೆ. ಒಂದು ಪಿಕ್ಸೆಲ್ ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ ಅಂತ ಅಪ್ಪನಿಗೆ ಹೇಳಿದಾಗ ಅವರಿಗೆ ಈ ಕೆಲಸದ ಮೇಲೆ ಮೊದಲ ಸಲ ನಂಬಿಕೆ ಹುಟ್ಟಿತು.

ನೀರು ಹುಡುಕುವ ಸೂತ್ರ ಸರಳ. ಹಸಿರಿನಿಂದ ಇನ್‌ಫ್ರಾರೆಡ್ ಕಳೆದು, ಎರಡರ ಮೊತ್ತದಿಂದ ಭಾಗಿಸುವುದು. ಎನ್‌ಡಿಡಬ್ಲ್ಯೂಐ ಅನ್ನುತ್ತಾರೆ. ನೀರು ಇನ್‌ಫ್ರಾರೆಡ್ ಹೀರಿಕೊಳ್ಳುತ್ತದೆ, ಆದ್ದರಿಂದ ನೀರಿಗೆ ಧನ, ಗಿಡ ಮಣ್ಣಿಗೆ ಋಣ ಬರಬೇಕು. ಉತ್ತರ −1ರಿಂದ +1ರ ಒಳಗಿರಬೇಕು.

ಜನವರಿ 2025ರ ಮೋಡವಿಲ್ಲದ ಚಿತ್ರ ತೆಗೆದುಕೊಂಡು, ಕೆರೆಯ ಸುತ್ತ 400×300 ಪಿಕ್ಸೆಲ್ ಕತ್ತರಿಸಿ ಸರಾಸರಿ ಕೇಳಿದೆ. 11.47 ಅಂತು.

ಇದೊಂದು ಸಲ ಅದೃಷ್ಟ ಚೆನ್ನಾಗಿತ್ತು, ತಪ್ಪು ಎದ್ದು ಕಾಣುವಷ್ಟು ದೊಡ್ಡದಿತ್ತು. ತೋಟದ ಒಂದು ಪಿಕ್ಸೆಲ್ ತೆಗೆದು ಕಾಗದದ ಮೇಲೆ ಮಾಡಿದೆ. ಬಿ03 1900, ಬಿ08 3400. ವ್ಯತ್ಯಾಸ −1500, ಮೊತ್ತ 5300, ಉತ್ತರ −0.283. ಯಂತ್ರದ ಉತ್ತರ 12.08. ಅದನ್ನು 5300ರಿಂದ ಗುಣಿಸಿ ಹಿಂದಕ್ಕೆ ಹೋದರೆ 64036. ಅಂದರೆ 65536ರಲ್ಲಿ 1500 ಕಡಿಮೆ.

ಚಿತ್ರ ಯುಇಂಟ್16 ಮಾದರಿಯಲ್ಲಿ ಬರುತ್ತದೆ, 0ಯಿಂದ 65535ರವರೆಗೆ ಮಾತ್ರ. ಋಣ ಸಂಖ್ಯೆಗೆ ಜಾಗವೇ ಇಲ್ಲ. ಹಳೇ ಬೈಕಿನ ಮೀಟರನ್ನು ಸೊನ್ನೆಯಿಂದ ಹಿಂದಕ್ಕೆ ತಿರುಗಿಸಿದರೆ 99999 ತೋರಿಸುವ ಹಾಗೆ ಇದೂ ತಿರುಗಿ ಮೇಲಿನಿಂದ ಎಣಿಸುತ್ತದೆ. ಭಾಗಾಕಾರದ ಸಾಲಿನಲ್ಲೇ ಎರಡೂ ಬ್ಯಾಂಡನ್ನು ಫ್ಲೋಟ್32ಗೆ (ಋಣ, ದಶಮಾಂಶ ಎರಡನ್ನೂ ಹಿಡಿಯುವ 32 ಬಿಟ್ ಮಾದರಿ) ಬದಲಿಸಿದೆ. ಸರಾಸರಿ −0.26ಕ್ಕೆ ಇಳಿಯಿತು. ಹತ್ತು ನಿಮಿಷದ ಕೆಲಸ. ಆ ಬದಲಾವಣೆಯನ್ನು ಭಾಗಾಕಾರದ ಸಾಲಿನಲ್ಲಿ ಮಾಡಿದ್ದೇ, ಫೈಲ್ ಓದುವ ಸಾಲಿನಲ್ಲಿ ಮಾಡದಿದ್ದದ್ದೇ ಎರಡು ವಾರ ಬಿಟ್ಟು ಕಾಲಿಗೆ ತೊಡರಿತು.

ಹಂತ 2. ಜೂನ್ 14–15: ಕೋಡಿ ಬಿದ್ದ ವರ್ಷ ಕೆರೆ ಮಾಯ

ಎನ್‌ಡಿಡಬ್ಲ್ಯೂಐ 0.2ಕ್ಕಿಂತ ಹೆಚ್ಚಿದ್ದರೆ ನೀರು ಅಂತ ಗೆರೆ ಎಳೆದು, ಹಳೇ ಹಾರ್ಡ್‌ಡಿಸ್ಕ್‌ನಲ್ಲಿದ್ದ 2021ರ ಚಿತ್ರಗಳನ್ನೂ ಹೊಸದಾಗಿ ಇಳಿಸಿದ 2022ರ ಚಿತ್ರಗಳನ್ನೂ ಸೇರಿಸಿ ಗ್ರಾಫ್ ಹಾಕಿದೆ. 2021ರಲ್ಲಿ ತುಂಬಿದ ಕೆರೆ. 2022ರ ಅಕ್ಟೋಬರಿನಲ್ಲಿ ಬರೀ ಅಂಚಿನ ಚೂರುಪಾರು.

ಗ್ರಾಫ್ ಚೆನ್ನಾಗಿ ಕಾಣುತ್ತಿತ್ತು. ಬಣ್ಣ ಹಾಕಿ ಅಪ್ಪನಿಗೆ ತೋರಿಸಿದೆ. "ಆ ವರ್ಷ ಕೋಡಿ ಬಿದ್ದು ಮೂರು ವಾರ ಹರೀತು. ನಾನೇ ನಿಂತು ನೋಡಿದೀನಿ. ನಿನ್ನ ಕಂಪ್ಯೂಟರ್‌ಗೆ ಕಣ್ಣು ಕಾಣಲ್ವೇನೋ?"

ಮತ್ತೆ ಕಾಗದ. ಕೆರೆಯ ಒಂದು ಪಿಕ್ಸೆಲ್: ಬಿ03 1650, ಬಿ08 1250. ವ್ಯತ್ಯಾಸ 400, ಮೊತ್ತ 2900, ಉತ್ತರ 0.138. ಗೆರೆಗಿಂತ ಕೆಳಗೆ. ನೀರಿಗೆ ಇನ್‌ಫ್ರಾರೆಡ್ 1250 ಯಾಕೆ ಅನ್ನುವುದೇ ನನ್ನ ತಲೆಗೆ ಮೊದಲು ಹೊಳೆಯಬೇಕಿದ್ದ ಪ್ರಶ್ನೆ. 10000ರಿಂದ ಭಾಗಿಸಿದರೆ ಪ್ರತಿಫಲನ ಬರುತ್ತದೆ. ಹನ್ನೆರಡೂವರೆ ಶೇಕಡಾ ಇನ್‌ಫ್ರಾರೆಡ್ ವಾಪಸ್ ಕಳಿಸುವ ನೀರು ನಮ್ಮ ಕೆರೆಯದಲ್ಲ.

ಕಾರಣ ಇಷ್ಟು. 2022ರ ಜನವರಿ 25ರಿಂದ ಸೆಂಟಿನೆಲ್-2ರ ಸಂಸ್ಕರಣೆಯ 04.00 ಆವೃತ್ತಿ ಜಾರಿಗೆ ಬಂತು. ಅಲ್ಲಿಂದ ಮುಂದೆ ಪ್ರತಿ ಪಿಕ್ಸೆಲ್‌ಗೂ 1000 ಕೂಡಿಸಿ ಇಟ್ಟಿರುತ್ತಾರೆ. ನೀರು, ನೆರಳಿನಂಥ ಕಪ್ಪು ಜಾಗದಲ್ಲಿ ಲೆಕ್ಕ ಸೊನ್ನೆಗಿಂತ ಕೆಳಗಿಳಿದರೆ ಅದು ಕತ್ತರಿಸಿ ಹೋಗದಿರಲಿ ಎಂದು ಈ ಏರ್ಪಾಡು. ಬಳಸುವವರು 1000 ಕಳೆದುಕೊಳ್ಳಬೇಕು. ಕಳೆದರೆ 650 ಮತ್ತು 250. 400 ಭಾಗ 900, ಉತ್ತರ 0.444. ಕೆರೆ ವಾಪಸ್ ಬಂತು. ಗೆರೆಯನ್ನು 0ಗೆ ಇಟ್ಟಿದ್ದರೆ ಈ ತಪ್ಪು ಗೊತ್ತೇ ಆಗುತ್ತಿರಲಿಲ್ಲ, ಯಾಕೆಂದರೆ 1000 ಸೇರಿದರೂ ವ್ಯತ್ಯಾಸದ ಚಿಹ್ನೆ ಬದಲಾಗುವುದಿಲ್ಲ. ಕೆಡುವುದು ಸರಾಸರಿ ಮಾತ್ರ.

ಇಲ್ಲಿ ಇನ್ನೊಂದು ಪೆದ್ದು ಕೆಲಸ ಮಾಡಿದೆ. ದಿನಾಂಕ 25-1-2022ರ ನಂತರ ಆದರೆ 1000 ಕಳೆ ಅಂತ ಬರೆದೆ. ಮರುದಿನ 2021ರ ಒಂದು ಚಿತ್ರ ಹಾಳಾಗಿತ್ತೆಂದು ಮತ್ತೆ ಇಳಿಸಿದರೆ ಆ ಒಂದು ತಿಂಗಳು ಮಾತ್ರ ಕೆರೆ ಬತ್ತಿದೆ. ಹಳೆಯ ಚಿತ್ರಗಳನ್ನೂ 05.00 ಆವೃತ್ತಿಯಲ್ಲಿ ಹೊಸದಾಗಿ ಸಂಸ್ಕರಿಸಿ ಇಟ್ಟಿದ್ದಾರೆ. ಅವುಗಳಲ್ಲೂ 1000 ಇದೆ. ಆದ್ದರಿಂದ ದಿನಾಂಕ ನಂಬಬಾರದು. ಫೈಲ್ ಹೆಸರಿನಲ್ಲಿ ಎನ್0301, ಎನ್0400, ಎನ್0500 ಅಂತ ಇರುವುದನ್ನು ನೋಡಬೇಕು, ಇಲ್ಲವೇ ಜೊತೆಗೆ ಬರುವ ಎಕ್ಸ್‌ಎಂಎಲ್ ಫೈಲಿನಲ್ಲಿ ಆಫ್‌ಸೆಟ್ ಪಟ್ಟಿ ಇದೆಯೇ ಎಂದು ಓದಬೇಕು. ಈಗ ಎರಡನೆಯದನ್ನು ಮಾಡುತ್ತಿದ್ದೇನೆ.

ಹಂತ 3. ಜೂನ್ 21–22: ನಡುಗಡ್ಡೆ

ಅತಿ ಹೆಚ್ಚು ನಾಚಿಕೆ ತಂದದ್ದು ಇದು.

ಜನವರಿ 2025ರ ಚಿತ್ರಕ್ಕೆ ಹೊಸ ಲೆಕ್ಕ ಓಡಿಸಿದಾಗ 4,870 ನೀರಿನ ಪಿಕ್ಸೆಲ್, 120 ಎಕರೆ. ಸರಾಸರಿ, ಕನಿಷ್ಠ, ಗರಿಷ್ಠ ಎಲ್ಲ ನೋಡಲು ಸಭ್ಯವಾಗಿದ್ದವು. ಕ್ಯೂಜಿಐಎಸ್‌ನಲ್ಲಿ ತೆರೆದರೆ ಕೆರೆಯ ಸರೀ ನಡುವೆ ದೊಡ್ಡ ತೂತು. ಸುತ್ತ ನೀರು, ಮಧ್ಯೆ ನೆಲ. ಜೊಂಡು ಬೆಳೆದಿರಬೇಕು ಅಂದುಕೊಂಡೆ. ಮನೆಗೆ ಫೋನ್ ಮಾಡಿ ಕೆರೆ ನಡುವೆ ಜೊಂಡು ಇದೆಯಾ ಅಂತ ಕೇಳಿದೆ ಕೂಡ. "ನಡುವೆ ಯಾಕಿರುತ್ತೋ, ಅಲ್ಲೇ ಅಲ್ವಾ ಆಳ ಇರೋದು" ಅಂದರು ಅಪ್ಪ.

ಆಳ ಅನ್ನುವ ಮಾತೇ ಸುಳಿವು. ಆಳ ಹೆಚ್ಚಿದ್ದಲ್ಲಿ ಇನ್‌ಫ್ರಾರೆಡ್ ತೀರಾ ಕಡಿಮೆ. ಆ ತೂತಿನ ಒಂದು ಪಿಕ್ಸೆಲ್: ಬಿ03 1480, ಬಿ08 960. ಎರಡರಿಂದಲೂ 1000 ಕಳೆದರೆ 480 ಮತ್ತು −40. ಆದರೆ 1000 ಕಳೆಯುವ ಸಾಲನ್ನು ನಾನು ಸೇರಿಸಿದ್ದು ಫ್ಲೋಟ್‌ಗೆ ಬದಲಿಸುವ ಸಾಲಿನ ಮೇಲೆ. ಅಲ್ಲಿ ಅದಿನ್ನೂ ಯುಇಂಟ್16. −40 ಹೋಗಿ 65496 ಆಗಿದೆ. ಆಮೇಲೆ ಅದನ್ನು ಶ್ರದ್ಧೆಯಿಂದ ಫ್ಲೋಟ್ ಮಾಡಿದ್ದೇನೆ. 480ರಿಂದ 65496 ಕಳೆದು, ಮೊತ್ತ 65976ರಿಂದ ಭಾಗಿಸಿದರೆ −0.985.

−1 ಮತ್ತು +1ರ ಒಳಗೇ ಇದೆ! ಮೊದಲ ದಿನದ 11.47 ಕೂಗಿ ಕರೆದಿತ್ತು, ಇದು ಸಾಲಿನಲ್ಲಿ ಸುಮ್ಮನೆ ನಿಂತಿತ್ತು. ಕೆರೆಯ ಅತಿ ಆಳದ ನೀರು ಅತಿ ಒಣ ನೆಲದ ಹಾಗೆ ಲೆಕ್ಕಕ್ಕೆ ಸೇರಿತ್ತು.

ಓದುವ ಸಾಲಿನಲ್ಲೇ ಫ್ಲೋಟ್‌ಗೆ ಬದಲಿಸಿ, ಆಮೇಲೆ ಕಳೆದೆ. 6,120 ಪಿಕ್ಸೆಲ್, 151 ಎಕರೆ. ತೂತಿನ ಪಾಲು 1,250 ಪಿಕ್ಸೆಲ್, 31 ಎಕರೆ.

ಒಂದು ಕುತೂಹಲದ ಸಂಗತಿ: "1000 ಕಳೆ" ಎನ್ನುವುದರ ಬದಲು "−1000 ಕೂಡು" ಎಂದು ಬರೆದಿದ್ದರೆ ನಂಪೈ 2 ಅಲ್ಲೇ ನಿಲ್ಲಿಸಿ, −1000 ಯುಇಂಟ್16ಕ್ಕೆ ಹಿಡಿಸುವುದಿಲ್ಲ ಎಂದು ಬೈಯುತ್ತಿತ್ತು. ಗಣಿತಕ್ಕೆ ಎರಡೂ ಒಂದೇ. ಒಂದಕ್ಕೆ ಬೈಗುಳ, ಇನ್ನೊಂದಕ್ಕೆ ಮೌನ.

ಸರಿಪಡಿಸಿದ ಮೇಲೂ ಎರಡು ತರಲೆ ಉಳಿದವು. ಟೈಲಿನ (ಉಪಗ್ರಹ ಚಿತ್ರವನ್ನು ತುಂಡು ಮಾಡಿ ಕೊಡುವ ದೊಡ್ಡ ಚೌಕ) ಅಂಚಿನಲ್ಲಿ ಚಿತ್ರವೇ ಇಲ್ಲದ ಪಿಕ್ಸೆಲ್ 0 ಎಂದು ಬರುತ್ತದೆ. ಅದಕ್ಕೆ 1000 ಕಳೆಯಬಾರದು, ಮೊದಲೇ ನ್ಯಾನ್ (ಸಂಖ್ಯೆಯೇ ಅಲ್ಲ) ಎಂದು ಗುರುತು ಹಾಕಬೇಕು. ಎರಡನೆಯದು ನೆರಳು. ಗುಡ್ಡದ ನೆರಳಿನ ಒಂದು ಪಿಕ್ಸೆಲ್ 1020 ಮತ್ತು 985 ಇತ್ತು. ಕಳೆದ ಮೇಲೆ 20 ಮತ್ತು −15. ವ್ಯತ್ಯಾಸ 35, ಮೊತ್ತ 5, ಎನ್‌ಡಿಡಬ್ಲ್ಯೂಐ 7. ಛೇದ ಸೊನ್ನೆಯ ಹತ್ತಿರ ಬಂದರೆ ಹೀಗೇ, ಇಂಥ ಹತ್ತಿಪ್ಪತ್ತು ಪಿಕ್ಸೆಲ್ ಸಾಕು ಸ್ಟ್ಯಾಂಡರ್ಡ್ ಡೀವಿಯೇಶನ್ ಕೆಡಿಸಲು. ಋಣ ಬಂದದ್ದನ್ನು 0ಗೆ ಏರಿಸಿ, ಮೊತ್ತ 100ಕ್ಕಿಂತ ಕಡಿಮೆ ಇದ್ದರೆ ಬಿಟ್ಟುಬಿಟ್ಟೆ. ಸರಾಸರಿಯ ಜೊತೆ ಮೀಡಿಯನ್ (ಸಾಲಾಗಿ ಜೋಡಿಸಿದರೆ ಸರೀ ನಡುವೆ ಬರುವ ಬೆಲೆ) ಕೂಡ ಬರೆದಿಡಲು ಶುರು ಮಾಡಿದ್ದು ಅವತ್ತಿನಿಂದ.

ಹಂತ 4. ಜೂನ್ 28–29: ಒಂದರ ಸರಾಸರಿ 0.139

ಮಬ್ಬು ಕವಿದ ದಿನದ ಚಿತ್ರಗಳನ್ನು ತೆಗೆದುಹಾಕಬೇಕಿತ್ತು. ಇಡೀ ಟೈಲಿನ ಬಿ08 ಸರಾಸರಿ ಮತ್ತು ಡೀವಿಯೇಶನ್ ನೋಡಿ, ಗುಂಪಿನಿಂದ ದೂರ ಇರುವ ದಿನಗಳನ್ನು ಬಿಡುವುದೆಂದು ಉಪಾಯ ಮಾಡಿದೆ. ಟೈಲ್ ಅಂದರೆ 10980×10980, ಹನ್ನೆರಡು ಕೋಟಿ ಪಿಕ್ಸೆಲ್. ಫ್ಲೋಟ್64 ಮಾಡಿದರೆ ಒಂದು ಬ್ಯಾಂಡೇ 964 ಎಂಬಿ, ನಡುವೆ ಎರಡು ಮೂರು ನಕಲು ಹುಟ್ಟುತ್ತವೆ, ಲ್ಯಾಪ್‌ಟಾಪ್ ಉಸಿರು ಬಿಟ್ಟಿತು. ಶನಿವಾರ ಬೆಳಿಗ್ಗೆ ಹೋಗಿ 8 ಜಿಬಿ ರ‍್ಯಾಮ್ ತಂದೆ. ಹಾಕಿದ ಮೇಲೂ ತೆವಳುತ್ತಿತ್ತು. ಆಗ ಹೊಳೆದದ್ದು, 1,098 ಸಾಲಿನ ಹತ್ತು ಪಟ್ಟಿ ಮಾಡಿ ಒಂದೊಂದಾಗಿ ಓದಿದರೆ ಹಳೇ ರ‍್ಯಾಮೇ ಧಾರಾಳ. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ.

ಪಟ್ಟಿ ಪಟ್ಟಿಯಾಗಿ ಕೂಡಲು ಸಿ ಭಾಷೆಯಲ್ಲಿ ಇಪ್ಪತ್ತು ಸಾಲು ಬರೆದೆ. ಒಂದು ಮೊತ್ತ, ಒಂದು ವರ್ಗಗಳ ಮೊತ್ತ, ಎರಡೂ ಫ್ಲೋಟ್. ಉತ್ತರ: ಸರಾಸರಿ 968, ಡೀವಿಯೇಶನ್ 1,751. ಅದೇ ಬ್ಯಾಂಡಿಗೆ ಕ್ಯೂಜಿಐಎಸ್ ಹೇಳಿದ್ದು 3012 ಮತ್ತು 704.

ಈ ಸಲ ಕಾಗದದ ಲೆಕ್ಕ ನಡೆಯಲಿಲ್ಲ, ಒಂದು ಪಿಕ್ಸೆಲ್ ನೋಡಿದರೆ ತಪ್ಪೇ ಇಲ್ಲ. ಹಾಗಾಗಿ ಸುಳ್ಳು ಚಿತ್ರ ಮಾಡಿದೆ. ಅದೇ ಅಳತೆ, ಎಲ್ಲ ಪಿಕ್ಸೆಲೂ 1. ಸರಾಸರಿ 1 ಬರಬೇಕು. ಬಂದದ್ದು 0.139. ಮೊತ್ತ ಮುದ್ರಿಸಿದರೆ ಸರಿಯಾಗಿ 16777216. ಅಲ್ಲಿಗೆ ಬಂದು ನಿಂತುಬಿಟ್ಟಿದೆ.

ಫ್ಲೋಟ್32 ಹಿಡಿದಿಡುವುದು 24 ಬಿಟ್ ಮಾತ್ರ. ಎರಡರ 24ನೇ ಘಾತ 16777216. ಅದಕ್ಕೆ 1 ಕೂಡಿದರೆ ಬರೆಯಲು ಜಾಗವಿಲ್ಲ, ಮತ್ತೆ ಅದೇ ಸಂಖ್ಯೆ. ಮುಂದಿನ ಹತ್ತು ಕೋಟಿ ಪಿಕ್ಸೆಲ್ ಕೂಡಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ಆಮೇಲಿನದು ಎಡವಟ್ಟು. ಉಳಿದ ಚಿಲ್ಲರೆಯನ್ನು ಬೇರೆ ಕಟ್ಟಿಟ್ಟು ಮುಂದಿನ ಸುತ್ತಿಗೆ ಸೇರಿಸುವ ಕಹಾನ್ ವಿಧಾನ ಗೊತ್ತಿತ್ತು, ಅದನ್ನು ಹಾಕಿದೆ. ಬೇಗ ಓಡಲಿ ಅಂತ ಜಿಸಿಸಿಗೆ "ಓ-ಫಾಸ್ಟ್" (ಅತಿ ವೇಗದ ಆಯ್ಕೆ) ಕೊಟ್ಟೆ. ಉತ್ತರ 0.557. ಸುಧಾರಿಸಿದೆ ಅಂದುಕೊಂಡು ಸಂಜೆಯವರೆಗೂ ಕಹಾನ್ ಸಾಲುಗಳನ್ನೇ ತಿದ್ದುತ್ತ ಕೂತೆ. 0.557 ಅಂದರೆ 0.139ರ ನಾಲ್ಕು ಪಟ್ಟು ಅಂತ ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು. ಓ-ಫಾಸ್ಟ್ ಕೊಟ್ಟರೆ ಕಂಪೈಲರ್ ಬೀಜಗಣಿತ ಸರಳ ಮಾಡಲು ಹೊರಡುತ್ತದೆ. ಚಿಲ್ಲರೆ ಹಿಡಿಯುವ ಸಾಲು ಗಣಿತದ ಪ್ರಕಾರ ಸೊನ್ನೆ, ಆದ್ದರಿಂದ ತೆಗೆದು ಬಿಸಾಕಿದೆ. ಜೊತೆಗೆ ಕೂಡುವ ಕೆಲಸವನ್ನು ನಾಲ್ಕು ಪಾಲು ಮಾಡಿದೆ. ನಾಲ್ಕೂ ಪಾಲು ಬೇರೆ ಬೇರೆಯಾಗಿ ಹೋಗಿ 16777216ಕ್ಕೆ ನಿಂತಿವೆ. ಓ2ಗೆ ಇಳಿಸಿದೊಡನೆ ಕಹಾನ್ ಸರಿಯಾಗಿ 1 ಕೊಟ್ಟಿತು.

ಕೊನೆಗೆ ಅದನ್ನೂ ಇಟ್ಟುಕೊಳ್ಳಲಿಲ್ಲ. ಪಿಕ್ಸೆಲ್ ಎಲ್ಲ ಪೂರ್ಣಾಂಕ, ಕೂಡುವಾಗ ದಶಮಾಂಶವೇ ಯಾಕೆ ಬೇಕು? ಎರಡೂ ಮೊತ್ತವನ್ನು 64 ಬಿಟ್ ಪೂರ್ಣಾಂಕ ಮಾಡಿ, ಕೊನೆಯ ಭಾಗಾಕಾರ ಮಾತ್ರ 64 ಬಿಟ್ ದಶಮಾಂಶ ಮಾದರಿಯಾದ ಡಬಲ್‌ನಲ್ಲಿ ಮಾಡಿದೆ. ವರ್ಗ ಮಾಡುವ ಮೊದಲೇ 64 ಬಿಟ್‌ಗೆ ಬದಲಿಸಬೇಕು. ಇಲ್ಲದಿದ್ದರೆ 46340ಕ್ಕಿಂತ ಮೇಲಿನ ಪಿಕ್ಸೆಲ್‌ನ ವರ್ಗ ಋಣ ಚಿಹ್ನೆಗೂ ಜಾಗವಿಟ್ಟ 32 ಬಿಟ್ ಪೂರ್ಣಾಂಕದ ಮಿತಿ ದಾಟುತ್ತದೆ. 3012, 704. ಕ್ಯೂಜಿಐಎಸ್ ಜೊತೆ ತಾಳೆ ಆಯಿತು.

ಇನ್ನೊಂದು ಗೊತ್ತಾಗಿ ನಗು ಬಂತು. ಯುಇಂಟ್16 ಚಿತ್ರವನ್ನು ಹಾಗೇ ಕೊಟ್ಟರೆ ನಂಪೈ ಸರಾಸರಿಯನ್ನು ತಾನಾಗಿ ಫ್ಲೋಟ್64ರಲ್ಲಿ ಮಾಡುತ್ತದೆ. ಬರೀ ಇಡೀ ಟೈಲಿನ ಸರಾಸರಿಗೆ ಸಿ ಭಾಷೆಯೂ ಬೇಕಿರಲಿಲ್ಲ.

ಹಂತ 5. ಜುಲೈ 5–6: ಸೂಳೆಕೆರೆಯ ಮೇಲೆ ನ್ಯಾನ್ ಮಳೆ

ಇದು ಅಪ್ಪ ಕೇಳಿದ್ದಲ್ಲ, ನನ್ನದೇ ಚಪಲ. ನೀರಿನ ಮೇಲ್ಮೈ ಉಷ್ಣಾಂಶದಲ್ಲಿ ಸಣ್ಣ ಏರಿಳಿತ ಕಾಣುತ್ತದೆಯೇ ನೋಡೋಣ ಅಂತ ಲ್ಯಾಂಡ್‌ಸ್ಯಾಟ್ 9 ಉಪಗ್ರಹದ ಥರ್ಮಲ್ (ಶಾಖ ಅಳೆಯುವ) ಚಿತ್ರ ತೆಗೆದೆ. ಅದರ ಸಂವೇದಕ 100 ಮೀಟರಿನದು, ಕೊಡುವಾಗ 30 ಮೀಟರಿಗೆ ನಯ ಮಾಡಿ ಕೊಡುತ್ತಾರೆ. ನಮ್ಮ ಕೆರೆ ಅದಕ್ಕೆ ಸಾಲದು. ಪಕ್ಕದಲ್ಲೇ ಸೂಳೆಕೆರೆ ಇದೆಯಲ್ಲ, ಅದರ ನಡುವಿನ 80×80 ಪಿಕ್ಸೆಲ್ ಚೌಕ ಆರಿಸಿದೆ.

ಪಿಕ್ಸೆಲ್ ಸಂಖ್ಯೆಯನ್ನು 0.00341802ರಿಂದ ಗುಣಿಸಿ 149 ಕೂಡಿದರೆ ಕೆಲ್ವಿನ್. 44200 ಇದ್ದರೆ 300.08, ಅಂದರೆ ಸುಮಾರು 27 ಡಿಗ್ರಿ. 3×3 ಕಿಟಕಿ ಇಟ್ಟು ಸ್ಥಳೀಯ ಡೀವಿಯೇಶನ್ ತೆಗೆದೆ: ವರ್ಗಗಳ ಸರಾಸರಿಯಿಂದ ಸರಾಸರಿಯ ವರ್ಗ ಕಳೆದು ವರ್ಗಮೂಲ. ಎಲ್ಲರೂ ಬರೆಯುವ ಸೂತ್ರವೇ.

6,400 ಪಿಕ್ಸೆಲ್‌ಗಳಲ್ಲಿ 731 ನ್ಯಾನ್. ಕೆರೆಯ ಮೇಲೆ ಮೆಣಸಿನಪುಡಿ ಉದುರಿಸಿದ ಹಾಗೆ.

ಮೊದಲ ಔಷಧಿ: ಋಣ ಬಂದರೆ 0 ಮಾಡು. ಚುಕ್ಕೆ ಹೋದವು, ಚಿತ್ರ ಚೆಂದ ಆಯಿತು, ಮಲಗಿದೆ. ಭಾನುವಾರ ಹಿಸ್ಟೋಗ್ರಾಮ್ ತೆಗೆದರೆ ಡೀವಿಯೇಶನ್‌ಗೆ ಬರೀ ಬೆರಳೆಣಿಕೆಯ ಬೆಲೆಗಳು: 0, 0.088, 0.125. ನಡುವೆ ಏನೂ ಇಲ್ಲ. ಉಷ್ಣಾಂಶ ಮೆಟ್ಟಿಲು ಹತ್ತುವುದಿಲ್ಲವಲ್ಲ. ಅವುಗಳನ್ನು ವರ್ಗ ಮಾಡಿದೆ: 0, 0.0078, 0.0156. ಮೆಟ್ಟಿಲಿನ ಎತ್ತರ 0.0078, ಅಂದರೆ 128ರಲ್ಲಿ ಒಂದು ಪಾಲು.

300ರ ವರ್ಗ 90000. ಅಷ್ಟು ದೊಡ್ಡ ಸಂಖ್ಯೆಯ ಹತ್ತಿರ ಫ್ಲೋಟ್32ರ ಎರಡು ನೆರೆಯ ಸಂಖ್ಯೆಗಳ ಅಂತರವೇ 128ರಲ್ಲಿ ಒಂದು ಪಾಲು. ನಾನು ಹುಡುಕುತ್ತಿದ್ದ ವ್ಯತ್ಯಾಸ 0.0025ರ ಆಸುಪಾಸು. ಅಡಿಕೆ ತುಂಬಿದ ಲಾರಿಯನ್ನು ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಿ, ಡ್ರೈವರ್ ಜೇಬಿನ ಬೀಡಿ ಕಟ್ಟು ತೆಗೆದು ಮತ್ತೆ ತೂಗಿ, ಕಳೆದು ಬೀಡಿಯ ತೂಕ ಹೇಳಲು ಹೊರಟಂತೆ. ಸೊನ್ನೆ ಬರುತ್ತದೆ, ಇಲ್ಲವೇ ಒಂದು ಗೀಟು ಹೆಚ್ಚು, ಕೆಲವು ಸಲ ಒಂದು ಗೀಟು ಕಡಿಮೆ. ಕಡಿಮೆ ಬಂದಲ್ಲಿ ನ್ಯಾನ್. ನಾನು 0 ಮಾಡಿ ಮುಚ್ಚಿದ್ದು ಆ ಕಡಿಮೆ ಬಂದವನ್ನು ಮಾತ್ರ. ಹೆಚ್ಚು ಬಂದವೂ ಅಷ್ಟೇ ಸುಳ್ಳು.

ರಿಪೇರಿ ಒಂದೇ ಸಾಲು: ಎಲ್ಲ ಪಿಕ್ಸೆಲ್‌ನಿಂದ ಮೊದಲೇ 300 ಕಳೆ. ಎಲ್ಲದರಿಂದ ಒಂದೇ ಸಂಖ್ಯೆ ಕಳೆದರೆ ಡೀವಿಯೇಶನ್ ಬದಲಾಗುವುದಿಲ್ಲ. ಉಳಿಯುವುದು 0.08, −0.11 ಥರದ ಸಣ್ಣ ಸಂಖ್ಯೆಗಳು, ಅವುಗಳ ವರ್ಗಕ್ಕೆ ಫ್ಲೋಟ್32 ಬೇಕಾದಷ್ಟಾಯಿತು. ನ್ಯಾನ್ ಒಂದೂ ಇಲ್ಲ. ಹೆಚ್ಚಿನ ಪಿಕ್ಸೆಲ್‌ಗಳ ಡೀವಿಯೇಶನ್ 0.03ರಿಂದ 0.07, ಹಿಸ್ಟೋಗ್ರಾಮ್ ಮೆಟ್ಟಿಲು ಹೋಗಿ ಗುಡ್ಡದ ಇಳಿಜಾರಾಯಿತು. ಆದರೆ ಇದು ನೀರಿನ ಏರಿಳಿತವೋ, 100 ಮೀಟರನ್ನು 30ಕ್ಕೆ ನಯ ಮಾಡಿದ್ದರ ಪರಿಣಾಮವೋ ಎಂದು ಈ ಅಂಕಿಯಿಂದ ಹೇಳಲಾಗದು. ಅಲ್ಲಿಗೆ ಆ ಚಪಲ ಬಿಟ್ಟೆ.

ಈಗಿನ ಸ್ಥಿತಿ

ಪ್ರತಿ ಹೊಸ ಚಿತ್ರ ಓಡಿಸುವ ಮೊದಲು ಮೂರು ಸುಳ್ಳು ಚಿತ್ರ ಓಡುತ್ತವೆ: ಎಲ್ಲ 1 ಇರುವುದು; 960 ಮತ್ತು 1480 ಮಾತ್ರ ಇರುವುದು; 300.08ರ ಸುತ್ತ ಕೈಲಿ ಬರೆದ ಒಂಬತ್ತು ಪಿಕ್ಸೆಲ್. ಮೂರಕ್ಕೂ ಉತ್ತರ ಕಾಗದದ ಮೇಲೆ ಮಾಡಿ ಗೋಡೆಗೆ ಅಂಟಿಸಿದ್ದೇನೆ. ತಾಳೆಯಾಗದಿದ್ದರೆ ಪ್ರೋಗ್ರಾಂ ಮುಂದೆ ಹೋಗುವುದಿಲ್ಲ. ಎಲ್ಲ ಸೇರಿ ಎರಡು ಸೆಕೆಂಡು.

ಮೋಡದ ಗುರುತಿನ ಪದರ 20 ಮೀಟರಿನದು, ಅದನ್ನು 10ಕ್ಕೆ ಹಿಗ್ಗಿಸಿ ಕೂಡಿಸುವ ಕೆಲಸ ಬಾಕಿ. ಜನವರಿಯ 151 ಎಕರೆ ಅಪ್ಪನಿಗೆ ಒಪ್ಪಿಗೆಯಾಗಿದೆ. ಈಗ ಜುಲೈಯದು ಕೇಳುತ್ತಿದ್ದಾರೆ. ಉಪಗ್ರಹ ಐದು ದಿನಕ್ಕೊಮ್ಮೆ ಹಾದು ಹೋಗುತ್ತಿದೆ, ಮಳೆ ಹಿಡಿದಾಗಿನಿಂದ ಸಿಕ್ಕಿದ್ದೆಲ್ಲ ಬರೀ ಮೋಡ. ರ‍್ಯಾಮ್ ಕಡ್ಡಿಯನ್ನು ತಂಗಿಯ ಲ್ಯಾಪ್‌ಟಾಪ್‌ಗೆ ಹಾಕಿಕೊಟ್ಟಿದ್ದೇನೆ.